ಅಂಕಪಟ್ಟಿಯೂ ಆಲೋಚನೆಯೂ

ಪರೀಕ್ಷೆಯಲ್ಲಿ ಹೆಚ್ಚು ಅಂಕ ಗಳಿಸಿದವನು ಹೆಚ್ಚು ಆಲೋಚಿಸಬಲ್ಲನೆಂದು ನಾವೆಲ್ಲರೂ ಭಾವಿಸಿರುತ್ತೇವೆ. ನಾನೂ ಹಾಗೆಯೇ ಭಾವಿಸಿದ್ದೆ. ಮನಶ್ಶಾಸ್ತ್ರದ ಕಿರುಪರೀಕ್ಷೆಯೊಂದರಲ್ಲಿ ವಿಮರ್ಶಾತ್ಮಕ ಚಿಂತನೆಯ ಲಕ್ಷಣಗಳನ್ನು ವಿವರಿಸಬೇಕೆಂಬ ಪ್ರಶ್ನೆ ಬಂದಿತ್ತು. ಬಾಯಿಪಾಠ ಮಾಡಿದ್ದ ಲಕ್ಷಣಗಳನ್ನೆಲ್ಲ ಬರೆದೆ. ಹತ್ತಕ್ಕೆ ಒಂಬತ್ತು ಅಂಕಗಳು ಬಂದುವು. ಆ ಒಂಬತ್ತರ ಬೆಲೆ ನನಗೆ ತಿಳಿದದ್ದು ರಜೆಯಲ್ಲಿ ಹೆಮ್ಮಿಗೆಗೆ ಹೋದಾಗ.

ನಮ್ಮಕ್ಕನಿಗೆ ಮದುವೆಯಾಗಿ ಏಳು ವರ್ಷವಾದರೂ ಮಕ್ಕಳಾಗಿಲ್ಲ. ಜಗಲಿಯ ಮೇಲೆ ಕುಳಿತಿದ್ದ ನೆಂಟರೊಬ್ಬರು, "ಯಾರ ಶಾಪವೋ ಏನೋ. ಮೈಸೂರು ಅರಸರನ್ನೇ ಶಾಪ ಬಿಡಲಿಲ್ಲ, ನಮ್ಮಂಥೋರ್ನ ಬಿಟ್ಟದಾ? ಸಾಕ್ಷಿ ಬೇಕಾದ್ರೆ ತಲಕಾಡಿನ ಮರಳು ನೋಡಪ್ಪ" ಎಂದರು. ಅಕ್ಕ ಎದ್ದು ಒಳಕ್ಕೆ ಹೋದಳು. "ಏನಪ್ಪ, ನೀನು ಮನಸ್ಸಿನ ಶಾಸ್ತ್ರ ಓದಿದೋನು, ಏನಂತೀಯ?" ಎಂದು ಅಜ್ಜಿ ನನ್ನತ್ತ ತಿರುಗಿ ಕೇಳಿದರು. ನನ್ನ ಬಾಯಿಂದ ಒಂದು ಮಾತೂ ಹೊರಡಲಿಲ್ಲ.

ಅಂದು ನಾನು ಕೇಳಬೇಕಾಗಿದ್ದ ಪ್ರಶ್ನೆಗಳೇನೂ ಕಷ್ಟದವಲ್ಲ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡ ಮೇಲೆ ಅಲಮೇಲಮ್ಮ ಶಪಿಸಿದಳೆಂದು ಐತಿಹ್ಯ. ಆದರೆ ಹತ್ತನೆಯ ಚಾಮರಾಜ ಒಡೆಯರಿಗೆ 1884ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಹುಟ್ಟಿದರು. ಜಯಚಾಮರಾಜ ಒಡೆಯರಿಗೆ 1953ರಲ್ಲಿ ಶ್ರೀಕಂಠದತ್ತರು ಹುಟ್ಟಿದರು. ದತ್ತು ಬಂದ ಯದುವೀರರಿಗೆ 2017ರಲ್ಲಿ ಮಗನಾದನು. ಇದನ್ನು ಹೇಳಿದರೆ, "ದತ್ತು ಬಂದವರಿಗೆ ಶಾಪ ತಟ್ಟುವುದಿಲ್ಲ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಎದುರು ನಿದರ್ಶನ ಬಂದಾಗಲೆಲ್ಲ ರೂಪ ಬದಲಿಸುವ ಹೇಳಿಕೆಯನ್ನು ಯಾವ ಸಾಕ್ಷ್ಯದಿಂದ ತಾನೆ ಪರೀಕ್ಷಿಸಬಹುದು? ಇನ್ನು ಮರಳಿನ ಮಾತು. ನಮ್ಮ ಸೀಮೆಯ ಮಾಧವಮಂತ್ರಿ ಕಟ್ಟೆ 14ನೆಯ ಶತಮಾನದ್ದು, ಎಂದರೆ ಶಾಪಕ್ಕಿಂತ ಬಹಳ ಹಳೆಯದು. ಕಟ್ಟೆಯಿಂದಾಗಿ ನೀರು ತಗ್ಗಿ, ಬಯಲಾದ ಮರಳು ಗಾಳಿಗೆ ಹಾರಿ ತಲಕಾಡನ್ನು ಮುಚ್ಚಿತೆಂಬ ವಾದವನ್ನು ಕೃಷಿ ವಿಜ್ಞಾನಿ ಕೆ. ಎನ್. ಗಣೇಶಯ್ಯನವರು ಮುಂದಿಟ್ಟಿದ್ದಾರೆ. ಅದೇ ಕೊನೆಯ ಮಾತೆಂದು ನಾನು ಹೇಳುವುದಿಲ್ಲ; ಆದರೆ ಅದು ಪರೀಕ್ಷಿಸಬಹುದಾದ ಮಾತು.

ಲಕ್ಷಣಗಳನ್ನು ಬಲ್ಲ ನನಗೆ ಇವು ಹೊಳೆಯಲಿಲ್ಲವೇಕೆ? ನಮ್ಮ ಪರೀಕ್ಷೆ ಅಳೆದದ್ದು ನನ್ನ ನೆನಪನ್ನೇ ಹೊರತು ಆಲೋಚನೆಯನ್ನಲ್ಲ. ಇದನ್ನು ಅಳೆಯುವ ಪ್ರಯತ್ನಗಳು ಹೊಸತೇನಲ್ಲ. ಅಮೆರಿಕದ ವಾಟ್ಸನ್ ಮತ್ತು ಗ್ಲೇಸರ್ ಎಂಬವರು ರಚಿಸಿದ ಪರೀಕ್ಷೆಯಲ್ಲಿ ಅನುಮಾನ, ಅಡಗಿರುವ ಗ್ರಹಿಕೆ, ನಿಗಮನ, ಅರ್ಥವಿವರಣೆ, ವಾದದ ತೂಕ ಎಂಬ ಐದು ಭಾಗಗಳಿವೆ. 1999ರಲ್ಲಿ ತಿಮೊಥಿ ಲಾಸನ್ ಮನಶ್ಶಾಸ್ತ್ರದ ವಿದ್ಯಾರ್ಥಿಗಳಿಗೆಂದೇ ಒಂದು ಪರೀಕ್ಷೆಯನ್ನು ಪ್ರಕಟಿಸಿದರು. ಅದರಲ್ಲಿ ಯಾರೋ ಮಾಡಿದ ಹೇಳಿಕೆಯನ್ನು ಕೊಟ್ಟು, ಅದರಲ್ಲಿ ದೋಷವಿದೆಯೇ, ಇದ್ದರೆ ಏನೆಂದು ಕೇಳಲಾಗುತ್ತದೆ. ಬಾಯಿಪಾಠಕ್ಕೆ ಅಲ್ಲಿ ಎಡೆಯಿಲ್ಲ.

ನಮ್ಮ ಪ್ರತಿಯೊಂದು ಪತ್ರಿಕೆಯಲ್ಲಿಯೂ ಇಂಥ ಒಂದು ಪ್ರಶ್ನೆಯಾದರೂ ಇರಲಿ ಎಂಬುದೇ ನನ್ನ ಸಲಹೆ. ಹೇಳಿಕೆ ನಮ್ಮ ಜಗಲಿಯದಾಗಿರಲಿ, ಪತ್ರಿಕೆಯ ಜಾಹೀರಾತಿನದಾಗಿರಲಿ; ಎದುರು ನಿದರ್ಶನ ಹುಡುಕಿದ್ದಕ್ಕೆ ಇಷ್ಟು, ಬೇರೆ ಕಾರಣ ತೋರಿಸಿದ್ದಕ್ಕೆ ಇಷ್ಟು, ಸಾಕ್ಷ್ಯ ಸಾಲದಿದ್ದಾಗ ಸಾಲದೆಂದು ಒಪ್ಪಿದ್ದಕ್ಕೆ ಇಷ್ಟು ಎಂದು ಅಂಕ ಹಂಚಲಿ. ನೂರಾರು ಉತ್ತರಪತ್ರಿಕೆ ತಿದ್ದುವ ಅಧ್ಯಾಪಕರಿಗೆ ಇದು ಹೊರೆಯೆಂಬುದು ನಿಜ. ಒಬ್ಬರು ಕೊಟ್ಟ ಅಂಕವನ್ನು ಇನ್ನೊಬ್ಬರು ಒಪ್ಪದಿರಬಹುದೆಂಬ ಆಕ್ಷೇಪವೂ ನ್ಯಾಯವಾದದ್ದೇ. ಅಂಕಗಳ ಕ್ರಮವನ್ನು ಮೊದಲೇ ಬರೆದಿಟ್ಟು, ಕೆಲವು ಉತ್ತರಗಳನ್ನಾದರೂ ಇಬ್ಬರು ಬೇರೆಬೇರೆಯಾಗಿ ತಿದ್ದಿ ಹೋಲಿಸಿದರೆ ಈ ತೊಡಕು ಬಹುಮಟ್ಟಿಗೆ ಸಡಿಲವಾದೀತು.

ಹಿರಿಯರ ಮಾತನ್ನು ಅಲ್ಲಗಳೆಯುವುದೇ ವಿಮರ್ಶೆಯೆಂದು ತಿಳಿಯಬಾರದು. ಮುಂದಿನ ರಜೆಯಲ್ಲಿ ನಾನು ಅರಸರ ಮಾತನ್ನೂ ಎತ್ತಲಿಲ್ಲ, ಮರಳಿನ ಮಾತನ್ನೂ ಎತ್ತಲಿಲ್ಲ. "ಅಜ್ಜಿ, ಅಕ್ಕನನ್ನು ಮೂರು ಸಲ ಡಾಕ್ಟರ ಹತ್ತಿರ ಕರೆದುಕೊಂಡು ಹೋದಿರಿ. ಭಾವನವರನ್ನು ಒಂದು ಸಲವಾದರೂ ತೋರಿಸಿದ್ದೀರಾ?" ಎಂದು ಕೇಳಿದೆ, ಅಷ್ಟೆ. ಅಜ್ಜಿ ಬಹಳ ಹೊತ್ತು ಮಾತಾಡಲಿಲ್ಲ. ಒಳಗಿನಿಂದ ಅಕ್ಕ ಬಾಗಿಲಿಗೆ ಬಂದು ನಿಂತಳು. ಈ ಪ್ರಶ್ನೆಗೆ ಯಾರೂ ನನಗೆ ಅಂಕ ಕೊಡಲಿಲ್ಲ; ಆದರೆ ಮನಶ್ಶಾಸ್ತ್ರದಲ್ಲಿ ನಾನು ನಿಜವಾಗಿ ಉತ್ತೀರ್ಣನಾದದ್ದು ಅಂದೇ ಎಂದು ನನಗೆ ತೋರುತ್ತದೆ.