ಟೆಲಿಸ್ಕೋಪಿಗೆ ಬೈಯೋ ಮುಂಚೆ ಫೋಕಸ್ ನೋಡಿ

(1/3)

ಪ್ರತಿ ಅಮಾವಾಸ್ಯೆ ಆದ ಮೇಲೆ ಇನ್‌ಬಾಕ್ಸಿಗೆ ಒಂದೇ ಥರದ ಫೋಟೋಗಳು ಬರ್ತವೆ. ಓರಿಯನ್ ನೆಬ್ಯುಲಾ ಸರಿಯಾದ ಜಾಗದಲ್ಲೇ ಇರುತ್ತೆ, ಆದ್ರೆ ಸುತ್ತಲಿನ ನಕ್ಷತ್ರಗಳೆಲ್ಲ ನೆನೆಸಿಟ್ಟ ಸಬ್ಬಕ್ಕಿ ಹಾಗೆ ಊದಿಕೊಂಡಿರ್ತವೆ. ಜೊತೆಗೆ ಒಂದು ಪ್ರಶ್ನೆ: "ಮುಂದೆ ಯಾವ ಟೆಲಿಸ್ಕೋಪ್ ತಗೊಳ್ಳಲಿ?"

ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ. ಯಾವುದೂ ಬೇಡ. ಇರೋದನ್ನೇ ಫೋಕಸ್ ಮಾಡೋದು ಕಲೀರಿ.

ಬೆಂಗಳೂರಿನ ಬೆಳಕು, ಮೋಡ, ಮೌಂಟ್, ಕ್ಯಾಮೆರಾ ಎಲ್ಲದರ ಬಗ್ಗೆಯೂ ನಾವು ಗಂಟೆಗಟ್ಟಲೆ ಮಾತಾಡ್ತೀವಿ. ಫೋಕಸ್‌ಗೆ ಮಾತ್ರ ಎರಡು ನಿಮಿಷ. ಟಿ-ರಿಂಗ್ ಹಾಕಿ ಕ್ಯಾಮೆರಾ ಕೂರಿಸಿದ ಮೇಲೆ ಟೆಲಿಸ್ಕೋಪೇ ನಿಮ್ಮ ಲೆನ್ಸು. ಅದಕ್ಕೆ ಆಟೋಫೋಕಸ್ ಇಲ್ಲ, ಇನ್ಫಿನಿಟಿ ಗುರುತೂ ಇಲ್ಲ. ಇರೋದು ಒಂದು ನಾಬ್ ಮತ್ತು ನಿಮ್ಮ ತಾಳ್ಮೆ.

ಎಷ್ಟು ನಿಖರವಾಗಿರಬೇಕು? ಎಂಟು ಇಂಚಿನ ಎಫ್/5 ನ್ಯೂಟೋನಿಯನ್ ತಗೊಳ್ಳಿ, ಫೋಕಲ್ ಲೆಂತ್ 1000 ಮಿ.ಮೀ. ಇದರಲ್ಲಿ ಸೆನ್ಸರ್ ಕೂರಬೇಕಾದ ಜಾಗದ ಒಟ್ಟು ಆಳ ಸುಮಾರು 55 ಮೈಕ್ರಾನ್. ಜೆರಾಕ್ಸ್ ಹಾಳೆ ಒಂದರ ದಪ್ಪ ಸುಮಾರು 100 ಮೈಕ್ರಾನ್. ಅಂದ್ರೆ ಅರ್ಧ ಹಾಳೆಯಷ್ಟು ಜಾಗದಲ್ಲಿ ನೀವು ನಿಲ್ಲಬೇಕು. ಎಫ್/10 ಆದ್ರೆ ಇದು 220 ಮೈಕ್ರಾನ್, ಎರಡು ಹಾಳೆಯಷ್ಟು. "ವೇಗದ" ಟೆಲಿಸ್ಕೋಪ್ ಬೇಕು ಅಂತ ಆಸೆಪಡೋರು ಈ ಲೆಕ್ಕಾನೂ ನೋಡಿಕೊಳ್ಳಬೇಕು.

ಮುಂದಿನದು ಮುಂದಿನ ಪೋಸ್ಟಿನಲ್ಲಿ 👉

(2/3)

ಮೊದಲು, ಕೆಲಸಕ್ಕೆ ಬಾರದ ಮೂರು ದಾರಿಗಳು.

ಒಂದು, ಐಪೀಸಿನಲ್ಲಿ ಫೋಕಸ್ ಮಾಡಿ ಆಮೇಲೆ ಕ್ಯಾಮೆರಾ ಹಾಕೋದು. ಸೆನ್ಸರ್ ಕೂರುವ ಜಾಗವೇ ಬೇರೆ. ಅಲ್ಲದೆ ನಮ್ಮ ಕಣ್ಣು ಸಣ್ಣಪುಟ್ಟ ವ್ಯತ್ಯಾಸವನ್ನು ತಾನೇ ಸರಿದೂಗಿಸಿಕೊಳ್ಳುತ್ತೆ. ಸೆನ್ಸರ್‌ಗೆ ಆ ದಾಕ್ಷಿಣ್ಯ ಇಲ್ಲ.

ಎರಡು, ಹಗಲಲ್ಲೇ ದೂರದ ಟವರ್ ನೋಡಿ ಫೋಕಸ್ ಮಾಡಿಟ್ಟುಕೊಳ್ಳೋದು. ಒಂದು ಕಿಲೋಮೀಟರ್ ದೂರದ ಟವರ್‌ಗೂ ನಕ್ಷತ್ರಕ್ಕೂ 1000 ಮಿ.ಮೀ. ಫೋಕಲ್ ಲೆಂತಿನಲ್ಲಿ ಒಂದು ಮಿಲಿಮೀಟರ್ ವ್ಯತ್ಯಾಸ ಬರುತ್ತೆ. ನಮಗಿರೋ ಜಾಗ 55 ಮೈಕ್ರಾನ್, ತಪ್ಪು 1000 ಮೈಕ್ರಾನ್! ಹತ್ತಿರ ತಂದು ಮಾರ್ಕರಿನಲ್ಲಿ ಗೆರೆ ಎಳೆದಿಡೋಕೆ ಮಾತ್ರ ಇದು ಸರಿ. (ಹಗಲಲ್ಲಿ ಸೂರ್ಯನ ಕಡೆ ತಿರುಗಿಸಲೇಬೇಡಿ.)

ಮೂರು, ಕ್ಯಾಮೆರಾ ಹಿಂದಿನ ಪುಟ್ಟ ಪರದೆಯಲ್ಲಿ ಇಡೀ ಚಿತ್ರ ನೋಡಿ "ಚೆನ್ನಾಗಿದೆ" ಅನ್ನೋದು. ಅಷ್ಟು ಚಿಕ್ಕದಾಗಿ ನೋಡಿದ್ರೆ ಎಲ್ಲವೂ ಚೆನ್ನಾಗೇ ಕಾಣುತ್ತೆ.

ಹಾಗಾದ್ರೆ ಮಾಡೋದೇನು? ಪ್ರಕಾಶಮಾನವಾದ ನಕ್ಷತ್ರ ಹಿಡೀರಿ. ಚಳಿಗಾಲದಲ್ಲಿ ಲುಬ್ಧಕ ಅಥವಾ ರೋಹಿಣಿ, ಬೇಸಿಗೆಯಲ್ಲಿ ಸ್ವಾತಿ ಅಥವಾ ಚಿತ್ರಾ. ಲೈವ್ ವ್ಯೂನಲ್ಲಿ 10 ಪಟ್ಟು ಹಿಗ್ಗಿಸಿ, ನಕ್ಷತ್ರ ಆದಷ್ಟು ಚಿಕ್ಕ ಚುಕ್ಕಿ ಆಗೋವರೆಗೂ ತಿರುಗಿಸಿ. ಅಲ್ಲೇ ನಿಲ್ಲಬೇಡಿ. ದಾಟಿ ಹೋಗಿ, ಮತ್ತೆ ದಪ್ಪ ಆಗೋದನ್ನು ನೋಡಿ, ವಾಪಸ್ ಬನ್ನಿ. ಎರಡೂ ಕಡೆ ನೋಡದೆ ನಡು ಎಲ್ಲಿದೆ ಅಂತ ಗೊತ್ತಾಗಲ್ಲ.

ಆಮೇಲೆ ಬಾಹ್ಟಿನೋವ್ ಮಾಸ್ಕ್ ಹಾಕಿ. ರಷ್ಯಾದ ಹವ್ಯಾಸಿ ಪಾವೆಲ್ ಬಾಹ್ಟಿನೋವ್ 2005ರಲ್ಲಿ ಕೊಟ್ಟ ಉಪಾಯ ಇದು. ರಟ್ಟಿನಲ್ಲಿ ಮೂರು ದಿಕ್ಕಿನ ಸೀಳುಗಳು, ಅಷ್ಟೇ. ಟೆಲಿಸ್ಕೋಪಿನ ಬಾಯಿಗೆ ಮುಚ್ಚಿದ್ರೆ ನಕ್ಷತ್ರದಿಂದ ಮೂರು ಬೆಳಕಿನ ಗೆರೆ ಹೊರಡ್ತವೆ. ಎರಡು ಕತ್ತರಿಯ ಹಾಗೆ, ಒಂದು ನಡುವೆ. ನಡುಗೆರೆ ಸರಿಯಾಗಿ ಮಧ್ಯಕ್ಕೆ ಬಂದಾಗ ಫೋಕಸ್ ಬಂತು. ಗಾಳಿಯ ಅಲುಗಾಟದಿಂದ ಗೆರೆ ಕುಣೀತಾ ಇದ್ರೆ ಎರಡು ಮೂರು ಸೆಕೆಂಡಿನ ಫೋಟೋ ತೆಗೆದು ಅದರಲ್ಲಿ ನೋಡಿ. ಲಾಕ್ ಸ್ಕ್ರೂ ಬಿಗಿ ಮಾಡಿ, ಮತ್ತೊಮ್ಮೆ ನೋಡಿ. ಬಿಗಿ ಮಾಡುವಾಗಲೇ ಎಷ್ಟೋ ಸಲ ಜರುಗಿಬಿಡುತ್ತೆ. ಮಾಸ್ಕ್ ತೆಗೆಯೋದು ಮರೀಬೇಡಿ 🙂

ನ್ಯೂಟೋನಿಯನ್‌ನಲ್ಲಿ ಫೋಕಸರ್ ಪೂರ್ತಿ ಒಳಗೆ ತಳ್ಳಿದರೂ ಫೋಕಸ್ ಬರ್ತಿಲ್ವಾ? ಅದು ನಿಮ್ಮ ಕೈಯ ತಪ್ಪಲ್ಲ. ಡಿಎಸ್‌ಎಲ್‌ಆರ್ ಸೆನ್ಸರ್ ಟಿ-ರಿಂಗಿನಿಂದ 55 ಮಿ.ಮೀ. ಹಿಂದೆ ಕೂತಿರುತ್ತೆ, ಎಷ್ಟೋ ಫೋಕಸರ್‌ಗಳು ಅಷ್ಟು ಒಳಗೆ ಹೋಗಲ್ಲ. ಬಾರ್ಲೋ ಲೆನ್ಸ್ ಹಾಕಿ, ಇಲ್ಲವೇ ಮುಖ್ಯ ಕನ್ನಡಿಯನ್ನು ಸ್ವಲ್ಪ ಮುಂದಕ್ಕೆ ತರಿಸಿ.

(3/3)

ಒಮ್ಮೆ ಮಾಡಿದ್ರೆ ಮುಗೀತು ಅಂದುಕೊಳ್ಳೋರು ಇನ್ನೊಂದು ಲೆಕ್ಕ ನೋಡಿ. ಒಂದು ಮೀಟರ್ ಉದ್ದದ ಅಲ್ಯೂಮಿನಿಯಂ ಕೊಳವೆ 5 ಡಿಗ್ರಿ ತಣ್ಣಗಾದ್ರೆ ಸುಮಾರು 115 ಮೈಕ್ರಾನ್ ಕುಗ್ಗುತ್ತೆ. ಉಕ್ಕಿನದಾದ್ರೆ 60ರ ಆಸುಪಾಸು. ಎರಡೂ ನಮ್ಮ 55ಕ್ಕಿಂತ ಜಾಸ್ತಿ! ಡಿಸೆಂಬರಿನಲ್ಲಿ ಕೋಲಾರದ ಕಡೆಯ ಬಯಲಲ್ಲಿ ಸಂಜೆಯಿಂದ ನಡುರಾತ್ರಿಗೆ ಅಷ್ಟು ಚಳಿ ಏರೋದು ದೊಡ್ಡ ವಿಷಯವೇನಲ್ಲ. ಎಂಟು ಗಂಟೆಯ ಫೋಕಸ್ ಹನ್ನೆರಡಕ್ಕೆ ಹಳಸಿರುತ್ತೆ. ಗಂಟೆಗೊಮ್ಮೆ ಮಾಸ್ಕ್ ಹಾಕಿ ನೋಡಿ. ಐದು ನಿಮಿಷ ಹೋದ್ರೆ ಹೋಗಲಿ.

"ಮೋಟಾರ್ ಫೋಕಸರ್ ಇದೆಯಲ್ಲ?" ಇದೆ, ಒಳ್ಳೆಯದೇ. ಅದು ಮಾಡೋದೂ ಇದನ್ನೇ: ಆಚೆ ಹೋಗಿ ಈಚೆ ಬಂದು ನಕ್ಷತ್ರದ ಅಗಲ ಅಳೆದು, ಕಡಿಮೆ ಇರೋ ಕಡೆ ನಿಲ್ಲುತ್ತೆ. ಕೈಯಲ್ಲಿ ಮಾಡಿ ಕಲಿತವರಿಗೆ ಅದು ಕೈತಪ್ಪಿದಾಗ ಗೊತ್ತಾಗುತ್ತೆ. ಕಲಿಯದವರು ಬೆಳಗ್ಗೆ ಎದ್ದು ನೋಡ್ತಾರೆ.

"ಎಐ ಶಾರ್ಪನ್ ಹಾಕಿದ್ರೆ ಸರಿಹೋಗುತ್ತೆ ಬಿಡಿ." ಇದಕ್ಕೆ ನನ್ನ ತಕರಾರು ಇದೆ. 1990ರಲ್ಲಿ ಹಾರಿದ ಹಬಲ್‌ನ ಕನ್ನಡಿ ಅಂಚಿನಲ್ಲಿ 2.2 ಮೈಕ್ರಾನ್ ಹೆಚ್ಚು ಚಪ್ಪಟೆ ಆಗಿತ್ತು. ಎಲ್ಲಿ ಫೋಕಸ್ ಮಾಡಿದರೂ ಚಿತ್ರ ಪೂರ್ತಿ ಚೂಪಾಗ್ತಿರಲಿಲ್ಲ. ವಿಜ್ಞಾನಿಗಳು ಕಂಪ್ಯೂಟರ್‌ನಲ್ಲಿ ತಿದ್ದಿ ನೋಡಿದರು, ಒಂದಷ್ಟು ಸಿಕ್ತು ಕೂಡ. ಆದರೂ 1993ರ ಡಿಸೆಂಬರಿನಲ್ಲಿ ಗಗನಯಾತ್ರಿಗಳು ಅಲ್ಲಿಗೇ ಹೋಗಿ ಬೆಳಕಿನ ದಾರಿಯನ್ನೇ ಸರಿಮಾಡಬೇಕಾಯ್ತು. ಅವರ ದೋಷ ನಾಬ್ ತಿರುಗಿಸಿ ಹೋಗುವಂಥದ್ದಲ್ಲ. ನಮ್ಮದು ಹೋಗುತ್ತೆ. ಹಾಗಿದ್ದೂ ಹರಡಿಹೋದ ಬೆಳಕಿನ ಮೇಲೆ ಸಾಫ್ಟ್‌ವೇರ್ ಊಹಿಸಿದ ನಕ್ಷತ್ರಗಳನ್ನು ಕೂರಿಸಿ "ನಾನು ತೆಗೆದ ಫೋಟೋ" ಅನ್ನೋದು ಯಾಕೆ?

ಓರಿಯನ್ ನೆಬ್ಯುಲಾದಿಂದ ನಿಮ್ಮ ಸೆನ್ಸರ್‌ಗೆ ಬೀಳೋ ಬೆಳಕು ಬಾದಾಮಿ ಚಾಲುಕ್ಯರ ಕಾಲದಲ್ಲಿ ಹೊರಟದ್ದು. ಅಷ್ಟು ದೂರ ಕೆಡದೆ ಬಂದದ್ದನ್ನು ನಾವು ಕೊನೆಯ ಅರ್ಧ ಹಾಳೆಯಷ್ಟರಲ್ಲಿ ಕೆಡಿಸ್ತೀವಿ.

ಅದಕ್ಕೇ ಹೇಳೋದು: ಹೊಸಬರು ಯಾರಾದ್ರೂ ನಿಮ್ಮ ಜೊತೆ ಬಂದ್ರೆ ಬ್ರ್ಯಾಂಡ್ ಹೆಸರು ಹೇಳಬೇಡಿ, ನಾಬ್ ಅವರ ಕೈಗೆ ಕೊಡಿ. ಮುಂದಿನ ಅಮಾವಾಸ್ಯೆಗೆ ಒಂದು ರಟ್ಟು, ಒಂದು ಕಟರ್ ಸಾಕು. ಮಾಸ್ಕ್ ಕತ್ತರಿಸಿ, ಹಾಕೋಕೆ ಮುಂಚಿನದು, ಹಾಕಿದ ಮೇಲಿನದು ಎರಡೂ ಫೋಟೋ ಟ್ಯಾಗ್ ಮಾಡಿ. ಟೆಲಿಸ್ಕೋಪ್ ಬದಲಾಯಿಸೋ ಮಾತು ಆಮೇಲೆ ಆಡೋಣ.

ಸೇವ್ ಮಾಡಿಕೊಳ್ಳಿ, ಕತ್ತಲಲ್ಲಿ ಬೇಕಾಗುತ್ತೆ.

#ಆಕಾಶಚಿತ್ರ #ಕನ್ನಡದಲ್ಲಿಖಗೋಳ #ಫೋಕಸ್