ಹುಡುಗರ ಕೈಗೆ ಎಂಜಿನ್ ಕೊಡಿ

ನೀರಿಗಿಳಿಯದೆ ಈಜು ಬರೋದಿಲ್ಲ. ಡೀಸೆಲ್ ಎಂಜಿನ್ ವಿದ್ಯೆಯೂ ಅಷ್ಟೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ದಿನಚರಿ ನಡೆಯೋದೇ ಡೀಸೆಲ್ ಮೇಲೆ. ಬೆಳಗಿನ ಬಸ್ಸು, ಹೊಲದ ಟ್ರ್ಯಾಕ್ಟರು, ಕರೆಂಟ್ ಹೋದಾಗ ಅಂಗಡಿ ಮುಂದೆ ಗುಡುಗುವ ಜನರೇಟರು, ಎಲ್ಲದರ ಹೊಟ್ಟೆಯಲ್ಲೂ ಅದೇ ಎಂಜಿನ್. ಅದನ್ನು ಕಲಿಯಲು ಈಗ ಹೂವಿನಹಡಗಲಿಯಲ್ಲೇ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ. ಸಂತೋಷದ ಸಂಗತಿ. ಆದರೆ ಕಟ್ಟಡ ಬಂದರೆ ಸಾಲದು, ಯಾವ ಕಾಲೇಜಿನಲ್ಲೇ ಆಗಲಿ ಪ್ರಯೋಗಶಾಲೆಯ ಎಂಜಿನ್ ಓಡಬೇಕು.

ಈ ಪರೀಕ್ಷಾ ಯಂತ್ರದಲ್ಲಿ ಗುಟ್ಟೇನಿಲ್ಲ. ಸಾಮಾನ್ಯವಾಗಿ 5 ಅಶ್ವಶಕ್ತಿಯ, ಒಂದೇ ಸಿಲಿಂಡರಿನ, ನಿಮಿಷಕ್ಕೆ 1500 ಸುತ್ತಿನ ಎಂಜಿನ್. ಅದರ ಡ್ರಮ್ಮಿಗೆ ಹಗ್ಗ ಸುತ್ತಿ ತೂಕ ಹಾಕಿದರೆ ಅದೇ ಬ್ರೇಕು. ಗಾಜಿನ ಬ್ಯುರೆಟ್ಟಿನಲ್ಲಿ 10 ಸಿಸಿ ಡೀಸೆಲ್ ಎಷ್ಟು ಸೆಕೆಂಡಿನಲ್ಲಿ ಖಾಲಿಯಾಯಿತೆಂದು ಗಡಿಯಾರ ಹಿಡಿದು ನೋಡುವುದು. ಪೂರ್ತಿ ಭಾರ ಹಾಕಿದಾಗ ಹೆಚ್ಚುಕಡಿಮೆ ಅರ್ಧ ನಿಮಿಷ. ಸುಟ್ಟ ಎಣ್ಣೆಯ ಶಾಖದಲ್ಲಿ ಕೆಲಸವಾಗಿದ್ದೆಷ್ಟು, ತಂಪು ಮಾಡುವ ನೀರಿಗೆ ಹೋಗಿದ್ದೆಷ್ಟು, ಹೊಗೆಯೊಡನೆ ಹಾರಿದ್ದೆಷ್ಟು ಎಂಬ ಲೆಕ್ಕ ಆಗ ಸಿಗುತ್ತದೆ. ಅಂಗಡಿಯವರ ಜಮಾ-ಖರ್ಚಿದ್ದಂತೆ!

ಡೀಸೆಲ್ ಎಂಜಿನ್ನಿಗೆ ಹೆಸರು ಬಂದಿದ್ದೂ ಪರೀಕ್ಷೆಯಿಂದಲೇ. 1897ರ ಫೆಬ್ರವರಿಯಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ರುಡಾಲ್ಫ್ ಡೀಸೆಲ್ ಅವರ ಎಂಜಿನ್ನನ್ನು ಪ್ರೊಫೆಸರ್ ಶ್ರೋಟರ್ ಅಳೆದು, ಶೇ. 26ರಷ್ಟು ಶಾಖ ಕೆಲಸಕ್ಕೆ ಬಂತೆಂದು ತೋರಿಸಿದರು. ಆ ಕಾಲದ ಉಗಿ ಯಂತ್ರಗಳು ಇದರ ಹತ್ತಿರಕ್ಕೂ ಬರುತ್ತಿರಲಿಲ್ಲ. ಅಳೆದಿದ್ದರಿಂದ ಲೋಕ ನಂಬಿತು.

ಹೀಗಿರುವಾಗ ಹಿಂದಿನ ವರ್ಷದವರ ರೆಕಾರ್ಡ್ ಪುಸ್ತಕ ನೋಡಿ ಅಂಕಿ ಇಳಿಸಿಕೊಳ್ಳುವ ಚಾಳಿ ಯಾವ ಊರಿಗೂ ಹೊಸದಲ್ಲ. ಡೀಸೆಲ್‌ಗೆ ದುಡ್ಡಿಲ್ಲ ಎಂಬ ನೆಪವೂ ಹಳೆಯದೇ. ಪೂರ್ತಿ ಭಾರದಲ್ಲೂ ಈ ಎಂಜಿನ್ ಗಂಟೆಗೆ ಕುಡಿಯೋದು ಒಂದೂಕಾಲು ಲೀಟರಿನ ಆಸುಪಾಸು. ಅಷ್ಟಕ್ಕೆ ಜುಗ್ಗತನ ಮಾಡಿ ನಾಲ್ಕು ವರ್ಷದ ಓದನ್ನು ಹಾಳು ಮಾಡುವುದು ಯಾವ ಲೆಕ್ಕ?

ಕರೆಂಟಿನ ಬಸ್ಸು ಬರುತ್ತಿರುವಾಗ ಡೀಸೆಲ್ ಯಾಕೆ ಅನ್ನುವವರೂ ಇದ್ದಾರೆ. ರೈತನ ಟ್ರ್ಯಾಕ್ಟರು ನಾಳೆಯೇ ಬದಲಾಗೋದಿಲ್ಲ. ಮೇಲಾಗಿ, ಭಾರ ಹಾಕಿ ಅಳೆಯುವ ವಿದ್ಯೆ ಮೋಟಾರಿಗೂ ಬೇಕು.

ಎಣ್ಣೆಗೂ ರಿಪೇರಿಗೂ ಪ್ರತ್ಯೇಕ ಹಣ ಇಡಬೇಕು. ಪ್ರತಿ ತಂಡವೂ ತಾನೇ ಎಂಜಿನ್ ಚಾಲೂ ಮಾಡಿ ತಾನೇ ಅಂಕಿ ಬರೆಯಬೇಕು. ತಿಂಗಳಿಗೊಂದು ದಿನ ಊರಿನ ಮೆಕ್ಯಾನಿಕರನ್ನೂ ಕರೆದರೆ ಅವರ ಕೈಗುಣ ಹುಡುಗರಿಗೆ, ಹುಡುಗರ ಲೆಕ್ಕ ಅವರಿಗೆ ದಕ್ಕೀತು.

ಏರು ಹತ್ತುವಾಗ ಬಸ್ಸು ಕರೀ ಹೊಗೆ ಉಗುಳಿದರೆ ಎಣ್ಣೆ ಪೂರ್ತಿ ಉರಿಯದೆ ವ್ಯರ್ಥವಾಗುತ್ತಿದೆ ಎಂದರ್ಥ. ಆ ಹೊಗೆ ಕುಡಿಯುವವರು ಪ್ರಯಾಣಿಕರು, ಆ ಎಣ್ಣೆಯ ಬೆಲೆ ಟಿಕೆಟ್ಟಿನಲ್ಲಿ ತೆರುವವರೂ ಅವರೇ. ಕಾರಣ ಹುಡುಕಬಲ್ಲ ಹುಡುಗ ನಮ್ಮ ಸೀಮೆಯಲ್ಲೇ ತಯಾರಾಗಲಿ. ಸಂಬಂಧಪಟ್ಟವರು ಇತ್ತ ಗಮನ ಕೊಡುವರೇ?