ಘಟ್ಟದ ರಸ್ತೆಯೂ ಸೈಕಲ್ ಸವಾರನ ಬಿಲ್ಲೂ

ಘಟ್ಟದ ರಸ್ತೆಗಳ ಪ್ರಶ್ನೆ ಬಂದಾಗಲೆಲ್ಲ ವರ್ತಕರ ಸಂಘಗಳು ಸರ್ಕಾರಕ್ಕೆ ಸಲ್ಲಿಸುವ ಮನವಿಗಳಲ್ಲಿ ಸಾಮಾನ್ಯವಾಗಿ ಒಂದೇ ಬೇಡಿಕೆ ಇರುತ್ತದೆ: ರಸ್ತೆ ಅಗಲವಾಗಬೇಕು, ಲಾರಿ ಬೇಗ ಇಳಿಯಬೇಕು. ಬೇಡಿಕೆ ನ್ಯಾಯವಾದದ್ದೇ. 2015ರಲ್ಲಿಯೂ 2018ರಲ್ಲಿಯೂ ಶಿರಾಡಿ ಘಟ್ಟವನ್ನು ಕಾಂಕ್ರೀಟ್ ಕಾಮಗಾರಿಗಾಗಿ ತಿಂಗಳುಗಟ್ಟಲೆ ಮುಚ್ಚಿದಾಗ ಕರಾವಳಿಗೂ ಒಳನಾಡಿಗೂ ನಡುವಣ ಸಾಗಣೆ ಎಂತಹ ತೊಡಕಿಗೆ ಸಿಲುಕಿತ್ತೆಂಬುದನ್ನು ವರ್ತಕರಿಗೆ ನೆನಪಿಸಬೇಕಾಗಿಲ್ಲ. ಆದರೆ ವಾಹನದ ವೇಗ ಹೆಚ್ಚಿದಷ್ಟೂ ದಾರಿಯ ಮೇಲಿನ ಅಂಗಡಿಗೆ ಗಿರಾಕಿ ಕಡಿಮೆಯಾಗುತ್ತಾನೆಂಬ ಇನ್ನೊಂದು ಲೆಕ್ಕವೂ ಇದೆ. ಈ ಲೆಕ್ಕವನ್ನು ಮನವಿ ಪತ್ರಗಳಲ್ಲಿ ಯಾರೂ ಬರೆಯುವುದಿಲ್ಲ.

ಈ ಎರಡನೆಯ ಲೆಕ್ಕಕ್ಕೆ ಸಂಬಂಧಿಸಿದ ಒಬ್ಬ ಹೊಸ ಗಿರಾಕಿ ಮಲೆನಾಡಿನ ರಸ್ತೆಗಳಲ್ಲಿ ಕಾಣಿಸಿಕೊಂಡಿದ್ದಾನೆ. ಅವನು ಸೈಕಲ್ ಸವಾರ. ಬೆಂಗಳೂರು, ಮೈಸೂರು, ಮಂಗಳೂರುಗಳಿಂದ ರಜೆಯ ದಿನಗಳಲ್ಲಿ ಹೊರಟು ಆಗುಂಬೆ, ಚಾರ್ಮಾಡಿ, ಕುದುರೆಮುಖದ ದಾರಿಗಳನ್ನು ಹತ್ತುವವರು ಇಂದು ಅಪರೂಪವಲ್ಲ. 2008ರಲ್ಲಿ ಆರಂಭವಾದ ‘ಟೂರ್ ಆಫ್ ನೀಲಗಿರೀಸ್’ ಎಂಬ ಸೈಕಲ್ ಯಾನ ದಕ್ಷಿಣದ ಬೆಟ್ಟದ ರಸ್ತೆಗಳನ್ನು ದೇಶದ ಸವಾರರಿಗೆ ಪರಿಚಯಿಸಿತು. ಮಸಿನಗುಡಿಯಿಂದ ಉದಕಮಂಡಲದ ಕಡೆಗೆ ಏರುವ ಕಲ್ಲಟ್ಟಿಯ 36 ತಿರುವುಗಳನ್ನು ಹತ್ತಿದವನು ಅದನ್ನು ವರ್ಷಗಟ್ಟಲೆ ಹೇಳಿಕೊಂಡು ತಿರುಗುತ್ತಾನೆ. ಆಗುಂಬೆಯ 14 ತಿರುವುಗಳಿಗೂ ಅಂತಹುದೇ ಆಕರ್ಷಣೆಯಿದೆ. ಈ ದಾರಿಗಳನ್ನು ಯಾರೂ ಸೈಕಲ್ಲಿಗಾಗಿ ಮಾಡಿದ್ದಲ್ಲ. ಘಟ್ಟದ ಹಳೆಯ ರಸ್ತೆಗಳಲ್ಲಿ ಹೆಚ್ಚಿನವು ಕಾಫಿ, ಅಡಿಕೆ, ಅಕ್ಕಿ ಮತ್ತು ಉಪ್ಪಿನ ವ್ಯಾಪಾರಕ್ಕಾಗಿ, ಎತ್ತಿನ ಗಾಡಿ ಏರಿ ಇಳಿಯುವಂತೆ ಹಾಕಿದವು. ಎತ್ತಿಗೆ ದಕ್ಕುವ ಏರು ಮನುಷ್ಯನ ಕಾಲಿಗೂ ಕಷ್ಟಪಟ್ಟರೆ ದಕ್ಕುತ್ತದೆ.

ಇದು ಹವ್ಯಾಸಿಗಳ ಗೀಳು, ವ್ಯಾಪಾರಿಗಳಿಗೆ ಇದರಲ್ಲೇನಿದೆ ಎಂದು ಕೇಳುವವರು ಫ್ರಾನ್ಸಿನ ಉದಾಹರಣೆಯನ್ನು ನೋಡಬೇಕು. ಜಗತ್ಪ್ರಸಿದ್ಧ ‘ಟೂರ್ ದ ಫ್ರಾನ್ಸ್’ 1903ರಲ್ಲಿ ಹುಟ್ಟಿದ್ದು ‘ಲೋಟೊ’ ಎಂಬ ಪತ್ರಿಕೆಯ ಮಾರಾಟವನ್ನು ಹೆಚ್ಚಿಸುವ ಸಲುವಾಗಿ. ಸ್ಪರ್ಧೆ 1910ರಲ್ಲಿ 2,115 ಮೀಟರ್ ಎತ್ತರದ ಟೂರ್ಮಲೆ ಕಣಿವೆದಾರಿಯನ್ನು ಹತ್ತಿತು. 1952ರಲ್ಲಿ ಆಲ್ಪ್ಸ್ ಪರ್ವತದ ಆಲ್ಪ್ ದುಯೆಜ್ ಎಂಬ ಊರನ್ನು ಸೇರಿತು. ಚಳಿಗಾಲದ ಹಿಮಕ್ರೀಡೆಯಿಂದ ಜೀವಿಸುವ ಆ ಊರಿಗೆ ಬೇಸಿಗೆಯಲ್ಲಿಯೂ ಈಗ ಜನ ಬರುತ್ತಾರೆ. ಅಲ್ಲಿಗೆ ಏರುವ ರಸ್ತೆಯ 21 ತಿರುವುಗಳಿಗೂ ಅಂಕೆ ಕೊಟ್ಟು ಫಲಕ ನೆಟ್ಟಿದ್ದಾರೆ, ಫಲಕದ ಮೇಲೆ ಹಿಂದಿನ ವಿಜೇತರ ಹೆಸರುಗಳಿವೆ. ಸ್ಪರ್ಧೆ ಬಂದುಹೋಗುವುದು ಒಂದು ದಿನದಲ್ಲಿ, ಅದೂ ಎಲ್ಲ ವರ್ಷವೂ ಅಲ್ಲ. ಉಳಿದ ದಿನಗಳಲ್ಲಿ ಕೋಣೆ ಬಾಡಿಗೆ ಕೊಟ್ಟು ಊಟ ಕೊಳ್ಳುವವರು ಆ ಫಲಕಗಳನ್ನು ಎಣಿಸಲು ಬಂದ ಸಾಮಾನ್ಯ ಸವಾರರು. ಒಂದು ಫಲಕಕ್ಕೆ ತಗಲುವ ವೆಚ್ಚವೆಷ್ಟು ಎಂಬುದನ್ನು ಪ್ರವಾಸೋದ್ಯಮದ ಹೆಸರಿನಲ್ಲಿ ಗಾಜಿನ ಸೇತುವೆಗೆ ಹಣ ಹುಡುಕುವವರು ಒಮ್ಮೆ ವಿಚಾರಿಸಿಕೊಂಡರೆ ಒಳಿತು.

ಸಣ್ಣ ವರ್ತಕನ ಪಾಲಿಗೆ ಸ್ಪರ್ಧೆಗಿಂತ ಮುಖ್ಯವಾದದ್ದು ‘ಬ್ರೆವೆ’ ಎಂದು ಕರೆಯಲಾಗುವ ದೂರಯಾನ. ಇದರಲ್ಲಿ ಗೆಲುವು ಸೋಲುಗಳಿಲ್ಲ. 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಯಲ್ಲಿ, 300ನ್ನು 20 ಗಂಟೆಯಲ್ಲಿ, 400ನ್ನು 27 ಗಂಟೆಯಲ್ಲಿ, 600ನ್ನು 40 ಗಂಟೆಯಲ್ಲಿ ಮುಗಿಸಬೇಕು, ಅಷ್ಟೆ. ಇವುಗಳನ್ನು ಪೂರೈಸಿದವರು ನಾಲ್ಕು ವರ್ಷಗಳಿಗೊಮ್ಮೆ ನಡೆಯುವ 1,200 ಕಿಲೋಮೀಟರಿನ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಯಾನಕ್ಕೆ ಅರ್ಹರಾಗುತ್ತಾರೆ, ಮುಂದಿನದು 2027ರಲ್ಲಿದೆ. ದಾರಿಯಲ್ಲಿ ಗೊತ್ತುಪಡಿಸಿದ ಊರುಗಳಲ್ಲಿ ಸವಾರ ತಾನು ಬಂದುಹೋದದ್ದಕ್ಕೆ ಸಾಕ್ಷ್ಯ ಪಡೆಯಬೇಕು. ಆ ಸಾಕ್ಷ್ಯ ಬಹಳ ಸಲ ಅಂಗಡಿಯ ಮೊಹರು, ಇಲ್ಲವೇ ಊರು, ದಿನಾಂಕ ಮತ್ತು ಸಮಯ ಮುದ್ರಿತವಾದ ಒಂದು ಬಿಲ್ಲು. ಬಿಲ್ಲು ಬೇಡವೆಂದು ಚೌಕಾಸಿ ಮಾಡುವ ಗಿರಾಕಿಗಳನ್ನೇ ಕಂಡ ವರ್ತಕನಿಗೆ ಬಿಲ್ಲಿಗಾಗಿಯೇ ಚಹಾ ಕುಡಿಯುವ ಗಿರಾಕಿ ಸಿಕ್ಕಿರುವುದು ಲೆಕ್ಕಪತ್ರ ಶಾಸ್ತ್ರಕ್ಕೆ ಸಂದ ಗೌರವವೇ ಸರಿ!

ಇದರಿಂದ ಬರುವ ಆದಾಯವನ್ನು ಉಬ್ಬಿಸಿ ಹೇಳುವುದು ತರವಲ್ಲ. ಒಂದು ಯಾನದಲ್ಲಿ 40 ಸವಾರರು ಬಂದು, ತಲೆಗೆ 150 ರೂಪಾಯಿಯಂತೆ ಒಂದು ಹೋಟೆಲಿನಲ್ಲಿ ಖರ್ಚು ಮಾಡಿದರೆಂದು ಭಾವಿಸೋಣ. ದಿನಕ್ಕೆ 6,000 ರೂಪಾಯಿ. ಅಂತಹ 12 ದಿನಗಳು ಒದಗಿದರೆ ವರ್ಷಕ್ಕೆ 72,000. ಖರ್ಚು ಕಳೆದರೆ ಉಳಿಯುವುದು ಇನ್ನೂ ಕಡಿಮೆ. ಇದನ್ನು ನಂಬಿ ಬ್ಯಾಂಕಿನಿಂದ ಸಾಲ ತೆಗೆಯುವವನಿಗೆ ಯಾವ ಲೆಕ್ಕಿಗನೂ ಭರವಸೆ ನೀಡಲಾರ. ಆದರೆ ಸಾಲವಿಲ್ಲದೆಯೇ ದಕ್ಕುವ ವ್ಯಾಪಾರವಿದು. ಕಾರು ಘಟ್ಟವನ್ನು ಅರ್ಧ ಗಂಟೆಯೊಳಗೆ ದಾಟಿಬಿಡುತ್ತದೆ, ಬುಡದ ಅಂಗಡಿಯೂ ತುದಿಯ ಅಂಗಡಿಯೂ ಅದರ ಕಣ್ಣಿಗೆ ಬೀಳುವುದಿಲ್ಲ. ಸವಾರ ಏರುದಾರಿಯಲ್ಲಿ ಗಂಟೆಗೆ ಎಂಟು-ಹತ್ತು ಕಿಲೋಮೀಟರ್ ಸಾಗುತ್ತಾನೆ. ಹಸಿಯುತ್ತಾನೆ, ಬಾಯಾರುತ್ತಾನೆ, ನಿಲ್ಲಲೇಬೇಕು. ಅವನಿಗೆ ಬೇಕಾದದ್ದು ಶುದ್ಧವಾದ ನೀರು, ಶುಚಿಯಾದ ಶೌಚಾಲಯ, ಬೆಳಗಿನ ಜಾವಕ್ಕೆ ತೆರೆದ ಬಾಗಿಲು, ಸೈಕಲನ್ನು ಕಣ್ಣೆದುರಿಗೇ ಒರಗಿಸುವ ಜಾಗ. ಬಾಳೆಹಣ್ಣು, ಕಡಲೆಮಿಠಾಯಿ, ಪುನರ್ಪುಳಿ ಶರಬತ್ತುಗಳಿಗೆ ಇಲ್ಲಿ ಬೇಡಿಕೆಯಿದೆ. ರಾತ್ರಿಯ ಸವಾರಿಗೆ ದೀಪವೂ ಬೆಳಕು ಪ್ರತಿಫಲಿಸುವ ಅಂಗಿಯೂ ಕಡ್ಡಾಯವಾದ್ದರಿಂದ ಸಣ್ಣ ಸಿದ್ಧ ಉಡುಪು ಘಟಕಗಳು ಈ ಕಡೆ ಗಮನ ಹರಿಸಬಹುದು. ಸೈಕಲ್ ತಯಾರಿಕೆ ಲೂಧಿಯಾನದ ಸ್ವತ್ತಾಗಿಯೇ ಉಳಿದಿದೆ, ಅದರ ಮಾತು ಬೇರೆ.

ತೆರಿಗೆಯ ಪರಿಸ್ಥಿತಿಯೂ ಈಗ ಅನುಕೂಲವಾಗಿದೆ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮತ್ತು ಅದರ ಬಿಡಿಭಾಗಗಳ ಮೇಲಿನ ಜಿಎಸ್‌ಟಿ ಶೇಕಡ 12ರಿಂದ 5ಕ್ಕೆ ಇಳಿದಿದೆ. ದಿನಕ್ಕೆ 7,500 ರೂಪಾಯಿವರೆಗಿನ ಕೊಠಡಿಗಳಿಗೂ ಅಂದಿನಿಂದ ಶೇಕಡ 5ರ ದರವೇ ಅನ್ವಯಿಸುತ್ತದೆ. ಆದರೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ದೊರೆಯುವುದಿಲ್ಲ. ನೋಂದಾಯಿತ ಹೋಂಸ್ಟೇ ಮಾಲೀಕನು ಹೊಸ ಸ್ನಾನಗೃಹ ಕಟ್ಟಿಸುವಾಗ ಕೊಟ್ಟ ತೆರಿಗೆಯೆಲ್ಲವೂ ಅವನ ವೆಚ್ಚವೇ ಆಗುತ್ತದೆಂಬುದನ್ನು ಬಾಡಿಗೆ ನಿಗದಿ ಮಾಡುವಾಗ ಮರೆಯಬಾರದು. ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ಮೀರದ ಸೇವಾದಾರರಿಗೆ ನೋಂದಣಿಯ ಹೊರೆಯಿಲ್ಲ.

ಸವಾರರಲ್ಲಿಯೂ ದೋಷವಿಲ್ಲವೆಂದಲ್ಲ. ಕೆಲವು ತಂಡಗಳು ಹಿಂದೆ ಒಂದು ವ್ಯಾನು ಇಟ್ಟುಕೊಂಡು, ನೀರಿನ ಬಾಟಲಿಯಿಂದ ಮೊದಲ್ಗೊಂಡು ಎಲ್ಲವನ್ನೂ ಪಟ್ಟಣದಿಂದಲೇ ತರುತ್ತವೆ. ಊರಿಗೆ ಉಳಿಯುವುದು ತಿಂಡಿಯ ಪೊಟ್ಟಣದ ಕಸ ಮಾತ್ರ. ಇಂತಹ ಆಯೋಜಕರೊಡನೆ ಸ್ಥಳೀಯ ವರ್ತಕರ ಸಂಘಗಳು ಮುಂಚಿತವಾಗಿ ಮಾತನಾಡಿ, ಉಪಾಹಾರವನ್ನಾದರೂ ದಾರಿಯ ಊರುಗಳಲ್ಲಿಯೇ ಮಾಡುವಂತೆ ಒಪ್ಪಿಸಬೇಕು.

ಇನ್ನು ರಸ್ತೆಯ ಮಾತು. ಹಳೆಯ ಘಟ್ಟದ ರಸ್ತೆಗಳನ್ನು ಹೆದ್ದಾರಿಯ ಬದಲಿ ದಾರಿಯೆಂದು ಮಾತ್ರ ಕಾಣುವ ಅಭ್ಯಾಸದಿಂದ ಅವುಗಳ ನಿರ್ವಹಣೆ ಹಿಂದೆ ಬಿದ್ದಿದೆ. 2019ರ ಆಗಸ್ಟ್ ಮಳೆಯಲ್ಲಿ ಗುಡ್ಡ ಕುಸಿದು ಚಾರ್ಮಾಡಿ ಮುಚ್ಚಿದಾಗ ದಾರಿಯ ಮೇಲಿನ ಹೋಟೆಲುಗಳೂ ಬರಿದಾದವು. ಸವಾರನಿಗೆ ಬೇಕಾದ ದುರಸ್ತಿ ದೊಡ್ಡದಲ್ಲ. ಡಾಂಬರಿನ ಅಂಚಿಗೂ ಮಣ್ಣಿಗೂ ನಡುವೆ ಗೇಣುದ್ದದ ಇಳಿತವಿದ್ದರೆ ಲಾರಿಗೆ ದಾರಿ ಬಿಟ್ಟವನು ಬೀಳುತ್ತಾನೆ. ಆ ಅಂಚಿಗೆ ಮಣ್ಣು ತುಂಬಬೇಕು. ಮೋರಿಯ ಮೇಲಿನ ಕಬ್ಬಿಣದ ಸರಳುಗಳು ರಸ್ತೆಯ ಉದ್ದಕ್ಕೆ ಇದ್ದರೆ 28 ಮಿಲಿಮೀಟರ್ ಅಗಲದ ಟೈರು ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ಅಡ್ಡಲಾಗಿ ಹಾಕಿದರೆ ತೊಂದರೆಯಿಲ್ಲ, ಎರಡಕ್ಕೂ ಖರ್ಚು ಒಂದೇ. ಚರಂಡಿ ಸ್ವಚ್ಛವಾಗಿದ್ದರೆ ರಸ್ತೆಯೂ ಉಳಿಯುತ್ತದೆ, ಬೈಕಿನವನಿಗೂ ಶಾಲೆಯ ಮಕ್ಕಳಿಗೂ ಅನುಕೂಲ. ರಾಜ್ಯ ಮುಂಗಡಪತ್ರಕ್ಕೆ ಮೊದಲು ಸಲ್ಲಿಸುವ ಮನವಿಗಳಲ್ಲಿ ಅಗಲೀಕರಣದ ಬೇಡಿಕೆಯ ಕೆಳಗೆ ಈ ಬಾಬತ್ತಿಗೂ ಪ್ರತ್ಯೇಕ ಮೊತ್ತವನ್ನು ಕೇಳಬೇಕು. ಕಾಮಗಾರಿ ಮಳೆ ನಿಂತ ಕೂಡಲೇ ಮುಗಿಯುವಂತೆ ಟೆಂಡರಿನಲ್ಲಿ ಗಡುವನ್ನೂ ಸೇರಿಸಬೇಕು. ಅಕ್ಟೋಬರಿನಿಂದ ಫೆಬ್ರುವರಿಯವರೆಗಿನ ಸವಾರಿಯ ಕಾಲ ಕಳೆದ ಮೇಲೆ ಹಾಕಿದ ಡಾಂಬರು ಮುಂದಿನ ಮಳೆಗೆ ಕೊಚ್ಚಿಹೋಗುತ್ತದೆ.